ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾರ್ಟ್‌ವೇವ್ ವೇಳಾಪಟ್ಟಿಯನ್ನು ಹುಡುಕುವುದು ಮತ್ತು ಓದುವುದು

ಶಾರ್ಟ್‌ವೇವ್ ರೇಡಿಯೊ ಕೇಳುವ ಹವ್ಯಾಸದ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಕೊಡಗಿನ ನಾನಾ ಊರುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ: ಯಾವ ಕೇಂದ್ರ, ಯಾವ ಹೊತ್ತಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ ಸಿಗುತ್ತದೆ ಎಂಬುದನ್ನು ತಿಳಿಯುವ ಬಗೆ ಯಾವುದು? ಆದುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ವೇಳಾಪಟ್ಟಿಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಚಿಕ್ಕದೊಂದು ಡಿಜಿಟಲ್ ರೇಡಿಯೊ ಕೊಂಡಿದ್ದೇನೆ. ಸ್ಕ್ಯಾನ್ ಮಾಡಿದರೆ ಹತ್ತಾರು ಕೇಂದ್ರಗಳು ಬರುತ್ತವೆ, ಆದರೆ ಯಾವುದು ಯಾವ ದೇಶದ್ದೆಂದು ತಿಳಿಯುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ನಾಲ್ಕಾರು ಪಟ್ಟಿಗಳು ಸಿಕ್ಕವು. ಅವು ಒಂದಕ್ಕೊಂದು ಹೊಂದುವುದಿಲ್ಲ. ಯಾವುದನ್ನು ನಂಬಬೇಕು?
(ಪದವಿ ವಿದ್ಯಾರ್ಥಿನಿ, ವಿರಾಜಪೇಟೆ)

ಉತ್ತರ: ಪಟ್ಟಿಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣವಿದೆ. ಒಂದೊಂದನ್ನೂ ಒಂದೊಂದು ಉದ್ದೇಶಕ್ಕಾಗಿ ತಯಾರಿಸಲಾಗಿದೆ; ಆ ಉದ್ದೇಶವನ್ನು ತಿಳಿದುಕೊಂಡರೆ ಯಾವುದನ್ನು ಎಷ್ಟು ನಂಬಬಹುದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೂಲ ಪಟ್ಟಿ ಎಚ್‌ಎಫ್‌ಸಿಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದು. ಜಗತ್ತಿನ ಪ್ರಸಾರ ಸಂಸ್ಥೆಗಳ ತಂತ್ರಜ್ಞರು ಒಬ್ಬರ ಪ್ರಸಾರದ ಮೇಲೆ ಇನ್ನೊಬ್ಬರದು ಬೀಳದಂತೆ ಫ್ರೀಕ್ವೆನ್ಸಿಗಳನ್ನು ಹೊಂದಿಸಿಕೊಳ್ಳಲು ವರ್ಷಕ್ಕೆ ಎರಡು ಬಾರಿ ಈ ಸಂಸ್ಥೆಯ ಮೂಲಕ ಕಲೆತು ಮಾತಾಡುತ್ತಾರೆ. ಎರಡು ಬಾರಿ ಏಕೆಂದರೆ ಶಾರ್ಟ್‌ವೇವ್ ವರ್ಷದಲ್ಲಿ ಎರಡು ಋತುಗಳಿವೆ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗಿನದು ‘ಎ’ ಋತು, ಅಲ್ಲಿಂದ ಮತ್ತೆ ಮಾರ್ಚ್‌ವರೆಗಿನದು ‘ಬಿ’ ಋತು. 2025ರ ಅಕ್ಟೋಬರ್ 26ರಂದು ಆರಂಭವಾದುದು ಬಿ-25. ಅದು 2026ರ ಮಾರ್ಚ್ 29ರಂದು ಎ-26ಕ್ಕೆ ಜಾಗ ಬಿಟ್ಟುಕೊಡುತ್ತದೆ. ಯಾವ ಪಟ್ಟಿಯನ್ನೇ ತೆರೆದರೂ ಮೊದಲು ನೋಡಬೇಕಾದುದು ಈ ಋತುವಿನ ಹೆಸರನ್ನು. ನಿಮಗೆ ಸಿಕ್ಕ ನಾಲ್ಕಾರು ಪಟ್ಟಿಗಳಲ್ಲಿ ಒಂದೆರಡು ಹಳೆಯ ಋತುವಿನವಾಗಿರುವ ಸಾಧ್ಯತೆಯೇ ಹೆಚ್ಚು.

ಎಚ್‌ಎಫ್‌ಸಿಸಿ ಪಟ್ಟಿಯಲ್ಲಿ ಇರುವುದು ಯೋಜನೆ. ಸಂಸ್ಥೆಯೊಂದು ಮುಂದಿನ ಆರು ತಿಂಗಳಲ್ಲಿ ಬೇಕಾಗಬಹುದೆಂದು ಎರಡು ಮೂರು ಫ್ರೀಕ್ವೆನ್ಸಿಗಳನ್ನು ನೋಂದಾಯಿಸಿ, ಕೊನೆಗೆ ಒಂದನ್ನೇ ಬಳಸಬಹುದು. ಹಾಗಾಗಿ ಅಲ್ಲಿ ನಮೂದಾಗಿರುವ ಎಲ್ಲವೂ ಗಾಳಿಯಲ್ಲಿ ಇರುವುದಿಲ್ಲ. 2025ರ ಮಾರ್ಚ್‌ನಲ್ಲಿ ವಾಯ್ಸ್ ಆಫ್ ಅಮೆರಿಕದ ಹೆಚ್ಚಿನ ಪ್ರಸಾರಗಳು ದಿಢೀರನೆ ನಿಂತುಹೋದುದನ್ನು ನೆನಪಿಸಿಕೊಳ್ಳಿ. ಆರು ತಿಂಗಳಿಗೊಮ್ಮೆ ಸಿದ್ಧವಾಗುವ ಯೋಜನೆ ಅಂಥ ಘಟನೆಯನ್ನು ಮುಂಗಾಣಲಾರದು.

ಈ ಕೊರತೆಯನ್ನು ತುಂಬುವುದು ಹವ್ಯಾಸಿ ಕೇಳುಗರು ತಯಾರಿಸುವ ಪಟ್ಟಿ. ಅವುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಜರ್ಮನಿಯ ಹವ್ಯಾಸಿಯೊಬ್ಬರು ಉಚಿತವಾಗಿ ನೀಡುತ್ತಿರುವ ‘ಐಬಿ’ ಪಟ್ಟಿಗೆ. ಕೇಳುಗರು ಕಳುಹಿಸುವ ಮಾಹಿತಿಯನ್ನು ಸೇರಿಸಿ ಋತುವಿನ ನಡುನಡುವೆಯೂ ಅದನ್ನು ತಿದ್ದಲಾಗುತ್ತದೆ. ಫ್ರೀಕ್ವೆನ್ಸಿಯ ಕ್ರಮದಲ್ಲಿ ಒಂದು ಕಡತ, ಗಂಟೆಯ ಕ್ರಮದಲ್ಲಿ ಇನ್ನೊಂದು ಕಡತ ಸಿಗುತ್ತದೆ. ಎರಡನ್ನೂ ಇಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ಟವರೂ ಸತ್ತುಹೋಗುವ ನಮ್ಮ ಜಿಲ್ಲೆಯಲ್ಲಿ ಇಂಟರ್‌ನೆಟ್ ಇಲ್ಲದೆಯೂ ತೆರೆಯಬಹುದಾದ ಪಟ್ಟಿಯ ಬೆಲೆ ದೊಡ್ಡದು. ಆ ದಿನಗಳಲ್ಲಿಯೇ ಅಲ್ಲವೇ ಬ್ಯಾಟರಿ ರೇಡಿಯೊ ನಿಜಕ್ಕೂ ಬೇಕಾಗುವುದು? ನೆಟ್‌ವರ್ಕ್ ಇರುವಾಗ ‘ಶಾರ್ಟ್-ವೇವ್ ಡಾಟ್ ಇನ್ಫೊ’ ಎಂಬ ತಾಣವೂ ಉಪಯುಕ್ತ. ಕೇಳಿಸುತ್ತಿರುವ ಫ್ರೀಕ್ವೆನ್ಸಿಯನ್ನು ಅಲ್ಲಿ ನಮೂದಿಸಿದರೆ ಆ ಗಳಿಗೆಯಲ್ಲಿ ಅಲ್ಲಿರಬೇಕಾದ ಕೇಂದ್ರಗಳನ್ನು ಭೂಪಟದ ಸಮೇತ ತೋರಿಸುತ್ತದೆ. ಮುದ್ರಿತ ಪುಸ್ತಕವೇ ಬೇಕೆನ್ನುವವರಿಗೆ 1947ರಿಂದ ಬರುತ್ತಿರುವ ವರ್ಲ್ಡ್ ರೇಡಿಯೊ ಟಿವಿ ಹ್ಯಾಂಡ್‌ಬುಕ್ ಇದೆ. ಬೆಲೆ ದುಬಾರಿಯಾದ್ದರಿಂದ ವಿದ್ಯಾರ್ಥಿಗಳಿಗೆ ನಾನು ಅದನ್ನು ಹೇಳುವುದಿಲ್ಲ.

ನನ್ನ ಸಲಹೆ ಇಷ್ಟು: ಹುಡುಕಾಟ ಐಬಿಯಿಂದ ಆರಂಭವಾಗಲಿ, ಅನುಮಾನ ಬಂದಾಗ ಎಚ್‌ಎಫ್‌ಸಿಸಿಯನ್ನು ನೋಡಿ, ತೀರ್ಮಾನವನ್ನು ಮಾತ್ರ ಕಿವಿಗೆ ಬಿಡಿ. ಗಂಟೆ ತುಂಬುವ ಹೊತ್ತಿಗೆ, ಅಂದರೆ 58ನೆಯ ನಿಮಿಷದಿಂದ ಮುಂದಿನ ಗಂಟೆಯ 2ನೆಯ ನಿಮಿಷದವರೆಗೆ, ಅದೇ ಫ್ರೀಕ್ವೆನ್ಸಿಯಲ್ಲಿ ಕಾದು ಕೂತರೆ ಹೆಚ್ಚಿನ ಕೇಂದ್ರಗಳು ತಮ್ಮ ಹೆಸರನ್ನು ತಾವೇ ಹೇಳುತ್ತವೆ.

ಪ್ರಶ್ನೆ: ಪಟ್ಟಿಯಲ್ಲಿ ಬರೀ ಅಂಕಿಗಳಿವೆ. ಒಂದು ಸಾಲನ್ನು ಬಿಡಿಸಿ ಹೇಳುವಿರಾ? ಸಮಯವನ್ನು ಐದೂವರೆ ಗಂಟೆ ಕೂಡಿಸಿ ನೋಡಿದರೂ ಕೆಲವು ಕಾರ್ಯಕ್ರಮಗಳು ಹೇಳಿದ ದಿನ ಸಿಗುವುದಿಲ್ಲ.
(ಅಂಚೆ ಇಲಾಖೆಯ ನಿವೃತ್ತ ನೌಕರರು, ಶನಿವಾರಸಂತೆ)

ಉತ್ತರ: ಐದೂವರೆ ಗಂಟೆ ಕೂಡಿಸುತ್ತಿದ್ದೀರಿ ಎಂದ ಮೇಲೆ ಅರ್ಧ ದಾರಿ ಬಂದಂತಾಯಿತು. ಎಲ್ಲ ಪಟ್ಟಿಗಳೂ ಯುಟಿಸಿ ಎಂಬ ಜಾಗತಿಕ ವೇಳೆಯಲ್ಲಿಯೇ ಇರುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ದಿನ ತಪ್ಪುವುದಕ್ಕೆ ಎರಡು ಕಾರಣಗಳಿರಬಹುದು. ಕಲ್ಪಿಸಿಕೊಂಡ ಒಂದು ಸಾಲಿನಲ್ಲಿ ಅವನ್ನು ತೋರಿಸುತ್ತೇನೆ:

9875 – 1330 – 1430 – 41 – 250 – 150 – 1357

ಮೊದಲನೆಯದು ಕಿಲೋಹರ್ಟ್ಸ್‌ನಲ್ಲಿ ಫ್ರೀಕ್ವೆನ್ಸಿ. ನಿಮ್ಮ ರೇಡಿಯೊದಲ್ಲಿ ಮೀಟರ್ ಬ್ಯಾಂಡುಗಳು ಮಾತ್ರ ಇದ್ದರೆ 3,00,000ವನ್ನು ಈ ಸಂಖ್ಯೆಯಿಂದ ಭಾಗಿಸಿ. ಸುಮಾರು 30.4 ಬರುತ್ತದೆ, ಎಂದರೆ ಇದು 9400ರಿಂದ 9900ರವರೆಗೆ ಹರಡಿರುವ 31 ಮೀಟರ್ ಬ್ಯಾಂಡಿನ ಕೇಂದ್ರ. ಮುಂದಿನ ಎರಡು ಸಂಖ್ಯೆಗಳು ಆರಂಭ ಮತ್ತು ಮುಕ್ತಾಯದ ವೇಳೆ. ನಮಗೆ ಸಂಜೆ 7ರಿಂದ 8. ಬಳಿಕ ಬರುವ 41 ಪ್ರಸಾರ ಯಾರಿಗಾಗಿ ಎಂಬುದನ್ನು ಹೇಳುವ ವಲಯದ ಸಂಖ್ಯೆ. ಜಗತ್ತನ್ನು ಇಂಥ ವಲಯಗಳಾಗಿ ಹಂಚಲಾಗಿದ್ದು, ನಮ್ಮ ದಕ್ಷಿಣ ಏಷ್ಯಾದ ಸಂಖ್ಯೆ 41. ಎಚ್‌ಎಫ್‌ಸಿಸಿ ಪಟ್ಟಿಯಲ್ಲಿ ಕಣ್ಣು ಮೊದಲು ಹೋಗಬೇಕಾದುದು ಈ ಅಂಕಣಕ್ಕೆ. ಐಬಿಯಲ್ಲಿ ಇದೇ ಮಾಹಿತಿ ‘ದಕ್ಷಿಣ ಏಷ್ಯಾ’, ‘ಯುರೋಪ್’ ಎಂಬುದಕ್ಕೆ ಇಂಗ್ಲಿಷಿನ ಎರಡು ಮೂರು ಅಕ್ಷರಗಳ ಸಂಕ್ಷೇಪವಾಗಿ ಇರುತ್ತದೆ. 250 ಎಂಬುದು ಕಿಲೋವಾಟ್‌ಗಳಲ್ಲಿ ಪ್ರೇಷಕದ ಶಕ್ತಿ. 150 ಎಂಬುದು ಆಂಟೆನಾ ಮುಖ ಮಾಡಿರುವ ದಿಕ್ಕು. ಉತ್ತರವನ್ನು ಸೊನ್ನೆಯೆಂದು ಹಿಡಿದು ಗಡಿಯಾರದ ಮುಳ್ಳು ಸುತ್ತುವ ಕಡೆಗೆ ಎಣಿಸಿದ ಡಿಗ್ರಿಗಳು. ಮಧ್ಯ ಏಷ್ಯಾದಲ್ಲಿ ನಿಂತು 150 ಡಿಗ್ರಿಯತ್ತ ನೋಡುವ ಆಂಟೆನಾ ಸರಿಸುಮಾರು ನಮ್ಮತ್ತಲೇ ನೋಡುತ್ತಿದೆ ಎಂದು ತಿಳಿಯಬಹುದು.

ಕೊನೆಯ 1357 ದಿನಗಳ ಸಂಕೇತ. ಎಚ್‌ಎಫ್‌ಸಿಸಿಯಲ್ಲಿ 1 ಎಂದರೆ ಭಾನುವಾರ. ಐಬಿಯಲ್ಲಿ 1 ಎಂದರೆ ಸೋಮವಾರ. ಆದ್ದರಿಂದ ಇದೇ ನಾಲ್ಕು ಅಂಕಿಗಳನ್ನು ಒಂದು ಕಡೆ ಭಾನುವಾರ, ಮಂಗಳವಾರ, ಗುರುವಾರ, ಶನಿವಾರ ಎಂದೂ, ಇನ್ನೊಂದು ಕಡೆ ಸೋಮವಾರ, ಬುಧವಾರ, ಶುಕ್ರವಾರ, ಭಾನುವಾರ ಎಂದೂ ಓದಬೇಕು. ನಿಮ್ಮ ಕಾರ್ಯಕ್ರಮಗಳು ತಪ್ಪುತ್ತಿರುವುದಕ್ಕೆ ಇದೊಂದು ಕಾರಣವಿದ್ದೀತು. ಇನ್ನೊಂದು ಕಾರಣ ನಡುರಾತ್ರಿಯದು. ಪಟ್ಟಿಯ ದಿನವೂ ಯುಟಿಸಿಯ ದಿನವೇ. ಭಾನುವಾರ 2230 ಎಂದು ಬರೆದಿದ್ದರೆ ನಮ್ಮಲ್ಲಿ ಅದು ಸೋಮವಾರ ಬೆಳಗಿನ ಜಾವ 4 ಗಂಟೆ. ನಮ್ಮ ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಬರುವ ಪ್ರತಿಯೊಂದು ಪ್ರಸಾರವೂ ಪಟ್ಟಿಯಲ್ಲಿ ಹಿಂದಿನ ದಿನದ ಹೆಸರಿನಲ್ಲಿರುತ್ತದೆ. ಒಂದು ಹಳೆಯ ಕೈಗಡಿಯಾರವನ್ನು ಯುಟಿಸಿಗೆ ತಿರುಗಿಸಿ ರೇಡಿಯೊದ ಪಕ್ಕದಲ್ಲಿಟ್ಟುಕೊಂಡರೆ ಪ್ರತಿ ಸಲ ಲೆಕ್ಕ ಹಾಕುವ ತೊಂದರೆ ತಪ್ಪುತ್ತದೆ.

ಇನ್ನೊಂದು ಮಾತು. ಕೇಂದ್ರದ ಹೆಸರಿನಲ್ಲಿರುವ ದೇಶ ಮತ್ತು ಅಲೆ ಹೊರಡುವ ದೇಶ ಬೇರೆ ಬೇರೆಯಾಗಿರಬಹುದು. ಬಿಬಿಸಿ ಲಂಡನ್ನಿನದಾದರೂ ನಮ್ಮ ಭಾಗಕ್ಕೆ ಅದರ ಧ್ವನಿಯನ್ನು ಹೊತ್ತು ತರುವ ಪ್ರೇಷಕಗಳಲ್ಲಿ ಒಮಾನ್ ದೇಶದ್ದೂ ಇದೆ. ಐಬಿ ಪಟ್ಟಿಯ ಪ್ರೇಷಕ ಸ್ಥಳದ ಅಂಕಣದಲ್ಲಿ ಓರೆಗೆರೆ ಹಾಕಿ ಬೇರೊಂದು ದೇಶದ ಸಂಕೇತ ಬರೆದಿದ್ದರೆ ಅದು ಇಂಥ ಮರುಪ್ರಸಾರ. ದಿಕ್ಕು, ದೂರಗಳ ಅಂದಾಜು ಮಾಡುವಾಗ ಈ ಅಂಕಣವನ್ನೇ ನೋಡಬೇಕು.

ಪ್ರಶ್ನೆ: ಬೈಲಕುಪ್ಪೆಯಲ್ಲಿರುವ ನನ್ನ ಸ್ನೇಹಿತರು ಟಿಬೆಟನ್ ಭಾಷೆಯ ಪ್ರಸಾರವನ್ನು ಶಾರ್ಟ್‌ವೇವ್‌ನಲ್ಲಿ ಕೇಳಬಯಸುತ್ತಾರೆ. ಪಟ್ಟಿಯಲ್ಲಿರುವ ಜಾಗದಲ್ಲಿ ಚೀನೀ ಭಾಷೆಯ ಕಾರ್ಯಕ್ರಮ ಜೋರಾಗಿ ಬರುತ್ತದೆ. ಪಟ್ಟಿ ತಪ್ಪೇ?
(ವ್ಯಾಪಾರಿ, ಕುಶಾಲನಗರ)

ಉತ್ತರ: ಪಟ್ಟಿ ತಪ್ಪಿರಲಾರದು. ಟಿಬೆಟನ್ ಭಾಷೆಯ ಹೊರದೇಶದ ಪ್ರಸಾರಗಳ ಮೇಲೆ ಚೀನಾ ತನ್ನ ರಾಷ್ಟ್ರೀಯ ವಾಹಿನಿಯ ಕಾರ್ಯಕ್ರಮವನ್ನು ಅದೇ ಫ್ರೀಕ್ವೆನ್ಸಿಯಲ್ಲಿ ಹರಿಸಿ ಅಡಚಣೆ ಮಾಡುತ್ತದೆ. ನೀವು ಕೇಳುತ್ತಿರುವುದು ಬಹುಶಃ ಅದನ್ನೇ. ನಾರ್ವೆಯ ಬೆಂಬಲದಿಂದ 1996ರಲ್ಲಿ ಆರಂಭವಾಗಿ, ತಜಿಕಿಸ್ತಾನದ ಪ್ರೇಷಕಗಳನ್ನು ಬಳಸಿಕೊಂಡು ಬಂದಿರುವ ವಾಯ್ಸ್ ಆಫ್ ಟಿಬೆಟ್ ಈ ಅಡಚಣೆಯಿಂದ ತಪ್ಪಿಸಿಕೊಳ್ಳಲು ತನ್ನ ಫ್ರೀಕ್ವೆನ್ಸಿಯನ್ನು ಆಗಾಗ ಕೆಲವು ಕಿಲೋಹರ್ಟ್ಸ್‌ಗಳಷ್ಟು ಸರಿಸುತ್ತಿರುತ್ತದೆ. ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳು ಸಾಮಾನ್ಯವಾಗಿ 0 ಅಥವಾ 5ರಿಂದ ಕೊನೆಗೊಳ್ಳುವ ಸಂಖ್ಯೆಗಳಲ್ಲಿ ಕೂರುತ್ತವೆ. ಈ ಕೇಂದ್ರವಾದರೋ 2, 3, 7, 8ರಂಥ ಅಂಕಿಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರೇಡಿಯೊದಲ್ಲಿ ಒಂದು ಸಲಕ್ಕೆ ಸಂಖ್ಯೆ ಬದಲಾಗುವ ಹೆಜ್ಜೆಯನ್ನು 5ರಿಂದ 1 ಕಿಲೋಹರ್ಟ್ಸ್‌ಗೆ ಇಳಿಸಿ, ಪಟ್ಟಿಯಲ್ಲಿರುವ ಸಂಖ್ಯೆಯ ಎರಡೂ ಬದಿಗೆ ಹತ್ತು ಹದಿನೈದು ಕಿಲೋಹರ್ಟ್ಸ್ ನಿಧಾನವಾಗಿ ಹುಡುಕಬೇಕು. ಅಡಚಣೆ ಇನ್ನೂ ಹಳೆಯ ಜಾಗದಲ್ಲಿಯೇ ಇದ್ದು ಕೇಂದ್ರ ಪಕ್ಕಕ್ಕೆ ಸರಿದ ಗಳಿಗೆಯಲ್ಲಿ ಮಾತು ಸ್ವಚ್ಛವಾಗಿ ಸಿಗುತ್ತದೆ. ಇಂಥ ಪ್ರಸಾರಗಳಿಗೆ ಆರು ತಿಂಗಳ ಪಟ್ಟಿಯನ್ನು ನೆಚ್ಚುವುದಕ್ಕಿಂತ, ಸ್ನೇಹಿತರು ತಾವೇ ಒಂದು ಪುಸ್ತಕದಲ್ಲಿ ದಿನವೂ ಸಿಕ್ಕ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ, ಏಕೆಂದರೆ ಬಿಟ್ಟುಹೋದ ಜಾಗಗಳಿಗೆ ಕೇಂದ್ರ ಮರಳಿ ಬರುವುದೂ ಉಂಟು.

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿ ಮುಳ್ಳು ತಿರುಗಿಸುವ ಹಳೆಯ ರೇಡಿಯೊ ಇದೆ, ಈಗಲೂ ಚೆನ್ನಾಗಿ ಹಾಡುತ್ತದೆ. ಸಂಜೆ 10.8 ಮೆಗಾಹರ್ಟ್ಸ್ ಹತ್ತಿರ ಒಂದು ಕೇಂದ್ರ ಗಟ್ಟಿಯಾಗಿ ಬರುತ್ತದೆ. ಯಾವ ಪಟ್ಟಿಯಲ್ಲಿಯೂ ಅಲ್ಲಿ ಕೇಂದ್ರವೇ ಇಲ್ಲ.
(ಕಾಫಿ ಬೆಳೆಗಾರರು, ನಾಪೋಕ್ಲು)

ಉತ್ತರ: ನಿಮ್ಮ ಸಂಖ್ಯೆಗೆ 0.91 ಕೂಡಿಸಿ ಪಟ್ಟಿಯಲ್ಲಿ ಹುಡುಕಿ. 10.8ಕ್ಕೆ 0.91 ಸೇರಿಸಿದರೆ 11.71 ಮೆಗಾಹರ್ಟ್ಸ್ ಆಗುತ್ತದೆ, ಅದು ಕೇಂದ್ರಗಳಿಂದ ಕಿಕ್ಕಿರಿದ 25 ಮೀಟರ್ ಬ್ಯಾಂಡಿನ ಕೆಳಭಾಗ. ನಿಮ್ಮ ಕೇಂದ್ರ ನಿಜವಾಗಿ ಅಲ್ಲಿದೆ.

ಹೀಗಾಗುವುದು ಏಕೆಂದರೆ, ಹಳೆಯ ರೇಡಿಯೊಗಳು ಬಂದ ಅಲೆಯನ್ನು ಒಳಗೆ ತಾವೇ ಹುಟ್ಟಿಸುವ ಇನ್ನೊಂದು ಅಲೆಯೊಡನೆ ಬೆರೆಸಿ 455 ಕಿಲೋಹರ್ಟ್ಸ್‌ನ ಸುಮಾರಿಗೆ ಇಳಿಸಿಕೊಳ್ಳುತ್ತವೆ. ಒಳಗಿನ ಅಲೆ ಸಾಮಾನ್ಯವಾಗಿ ಮುಳ್ಳು ತೋರಿಸುವ ಸಂಖ್ಯೆಗಿಂತ 455 ಮೇಲಿರುತ್ತದೆ. ಆದರೆ ಅದಕ್ಕಿಂತಲೂ 455 ಮೇಲೆ ಇರುವ ಪ್ರಬಲ ಕೇಂದ್ರವೊಂದು ಬೆರೆತರೂ ಉತ್ತರ ಅದೇ 455. ರೇಡಿಯೊಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡು ಸಲ 455 ಎಂದರೆ 910. ಆದ್ದರಿಂದ ಮುಳ್ಳಿನಲ್ಲಿ ಸುಳ್ಳು ಜಾಗ ಸಾಮಾನ್ಯವಾಗಿ ನಿಜವಾದ ಜಾಗಕ್ಕಿಂತ ಸುಮಾರು 910 ಕಿಲೋಹರ್ಟ್ಸ್ ಕೆಳಗೆ ಇರುತ್ತದೆ. ಮುಳ್ಳನ್ನು 11.7ಕ್ಕೆ ತಂದು ನೋಡಿ, ಅದೇ ಮಾತು ಅಲ್ಲಿಯೂ ಇನ್ನಷ್ಟು ಗಟ್ಟಿಯಾಗಿ ಕೇಳಿಸಬೇಕು.

ಹಳೆಯ ರೇಡಿಯೊದ ಮುಳ್ಳು ನಿಖರವಾಗಿಲ್ಲದಿದ್ದರೂ ಪಟ್ಟಿಯನ್ನು ಬಳಸಬಹುದು, ಒಂದು ಗುರುತು ಸಿಕ್ಕರೆ ಸಾಕು. 10 ಮೆಗಾಹರ್ಟ್ಸ್‌ಗೆ ಸರಿಯಾಗಿ ಚೀನಾದ ಬಿಪಿಎಂ ಎಂಬ ಸಮಯ ಸಂಕೇತದ ಕೇಂದ್ರವಿದೆ. ಅದು ಸೆಕೆಂಡಿಗೊಂದರಂತೆ ‘ಟಿಕ್’ ಎನ್ನುತ್ತಿರುತ್ತದೆ. ಪ್ರತಿ ಗಂಟೆಯ 29 ಮತ್ತು 59ನೆಯ ನಿಮಿಷಗಳಲ್ಲಿ ತನ್ನ ಹೆಸರನ್ನು ಮಾರ್ಸ್ ಸಂಕೇತದಲ್ಲಿಯೂ ಮಾತಿನಲ್ಲಿಯೂ ಹೇಳುತ್ತದೆ. ಅದು ಸಿಕ್ಕ ಜಾಗದಲ್ಲಿ ಡಯಲಿನ ಗಾಜಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯಿಂದ ಕೆಳಗೆ 31 ಮೀಟರ್ ಬ್ಯಾಂಡನ್ನೂ ಮೇಲೆ 25 ಮೀಟರ್ ಬ್ಯಾಂಡನ್ನೂ ಅಳೆದುಕೊಳ್ಳಬಹುದು.

ಪ್ರಶ್ನೆ: ಆ ಸಮಯ ಸಂಕೇತದಂಥ ಟಿಕ್ ಟಿಕ್ ಸದ್ದು ನನ್ನ ರೇಡಿಯೊದಲ್ಲಿ ರಾತ್ರಿಯಿಡೀ ಎಲ್ಲ ಫ್ರೀಕ್ವೆನ್ಸಿಯಲ್ಲಿಯೂ ಬರುತ್ತದೆಯಲ್ಲ?
(ಓದುಗರು, ಸಿದ್ದಾಪುರ)

ಉತ್ತರ: ಎಲ್ಲ ಕಡೆಯೂ ಬರುತ್ತದೆ ಎಂದಾದರೆ ಅದು ಆನೆ ಬೇಲಿಯ ಸದ್ದಿರಬೇಕು. ತೋಟದ ಸೋಲಾರ್ ಬೇಲಿಗೆ ಸೆಕೆಂಡಿಗೆ ಸುಮಾರು ಒಂದು ಸಲ ವಿದ್ಯುತ್ತಿನ ಮಿಡಿತ ಹರಿಯುತ್ತದೆ. ತಂತಿಗೆ ಕಾಡುಬಳ್ಳಿ ತಾಗಿದ ಜಾಗದಲ್ಲಿಯೋ ಇನ್ಸುಲೇಟರ್ ಬಿರುಕು ಬಿಟ್ಟ ಜಾಗದಲ್ಲಿಯೋ ಕಿಡಿ ಹಾರಿದಾಗಲೆಲ್ಲ ಅದು ಶಾರ್ಟ್‌ವೇವ್ ಬ್ಯಾಂಡಿನ ಉದ್ದಕ್ಕೂ ಕೇಳಿಸುತ್ತದೆ. 10 ಮೆಗಾಹರ್ಟ್ಸ್‌ನಿಂದ ಸ್ವಲ್ಪ ಸರಿಸಿದ ಕೂಡಲೇ ನಿಂತರೆ ಬಿಪಿಎಂ, ಹಿಂಬಾಲಿಸಿದರೆ ಬೇಲಿ. ಸದ್ದು ನಿಲ್ಲಲೆಂದು ಬೇಲಿಯನ್ನು ಆರಿಸಿಡಬೇಡಿ. ಕೆಲಸದ ಹೊತ್ತಿಗೆ ಮಾತ್ರ ಆರಿಸಿ, ಬಳ್ಳಿಗಳನ್ನು ಸವರಿಸಿ, ಇನ್ಸುಲೇಟರ್ ಬದಲಾಯಿಸಿದರೆ ಸದ್ದೂ ಕಡಿಮೆಯಾಗುತ್ತದೆ, ಬೇಲಿಯ ಬಲವೂ ಹೆಚ್ಚುತ್ತದೆ.

ಪ್ರಶ್ನೆ: ದೊಡ್ಡಬಳ್ಳಾಪುರದ ಬಳಿ ಆಕಾಶವಾಣಿಯ 500 ಕಿಲೋವಾಟ್ ಶಾರ್ಟ್‌ವೇವ್ ಪ್ರೇಷಕಗಳಿವೆ ಎಂದು ಪಟ್ಟಿಯಲ್ಲಿದೆ. ಸಾವಿರಾರು ಕಿಲೋಮೀಟರ್ ದೂರದ ಕೇಂದ್ರಗಳು ಸ್ಪಷ್ಟವಾಗಿ ಬರುವಾಗ ಇದು ಏಕೆ ಸರಿಯಾಗಿ ಕೇಳಿಸುವುದಿಲ್ಲ?
(ಶಿಕ್ಷಕಿ, ಭಾಗಮಂಡಲ)

ಉತ್ತರ: ಹತ್ತಿರವಿರುವುದೇ ಕಾರಣ. ಶಾರ್ಟ್‌ವೇವ್ ಅಲೆ ನೆಲದ ಮೇಲೆ ಕೆಲವೇ ಹತ್ತು ಕಿಲೋಮೀಟರ್‌ಗಳಷ್ಟು ಹೋಗಿ ಸೊರಗುತ್ತದೆ. ಮೇಲಕ್ಕೆ ಹೋದುದು ವಾತಾವರಣದ ಮೇಲ್ಪದರವಾದ ಅಯಾನುಮಂಡಲದಿಂದ ಬಾಗಿ ಎಷ್ಟೋ ದೂರದಲ್ಲಿ ಮತ್ತೆ ನೆಲಕ್ಕಿಳಿಯುತ್ತದೆ. ಈ ಎರಡರ ನಡುವಿನ ಪಟ್ಟೆಯಲ್ಲಿ ಅಲೆ ತಲೆಯ ಮೇಲೆಯೇ ಹಾರಿ ಹೋಗುತ್ತದೆ. ನಾವಿರುವುದು ಅಂಥ ಪಟ್ಟೆಯಲ್ಲಿ. ನೆಟ್ಟಗೆ ಮೇಲೆ ಹೋದ ಅಲೆ ಮರಳಿ ಕೆಳಗೆ ಬರಬೇಕಾದರೆ ಅದರ ಫ್ರೀಕ್ವೆನ್ಸಿ ಒಂದು ಮಿತಿಯೊಳಗಿರಬೇಕು. ಆ ಮಿತಿ ಹಗಲು ಏರಿ ರಾತ್ರಿ ಇಳಿಯುತ್ತದೆ, ಸೂರ್ಯನ ಸುಮಾರು 11 ವರ್ಷಗಳ ಚಕ್ರಕ್ಕೆ ತಕ್ಕಂತೆಯೂ ಬದಲಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ದೊಡ್ಡಬಳ್ಳಾಪುರದ ಹಗಲಿನ ಪ್ರಸಾರಗಳಲ್ಲಿ 41 ಮತ್ತು 49 ಮೀಟರ್ ಬ್ಯಾಂಡಿನವು ಇದ್ದರೆ ಮೊದಲು ಅವನ್ನು ಆರಿಸಿಕೊಳ್ಳಿ. 19 ಮೀಟರ್‌ನಂಥ ಮೇಲಿನ ಬ್ಯಾಂಡುಗಳಲ್ಲಿ ಹೆಚ್ಚಿನ ನಿರೀಕ್ಷೆ ಬೇಡ. ಅವು ವಿದೇಶ ಪ್ರಸಾರಕ್ಕೆಂದು ದೂರದತ್ತ ಮುಖ ಮಾಡಿದ ಆಂಟೆನಾಗಳು ಎಂಬುದನ್ನೂ ಗಮನಿಸಬೇಕು.

ಹಿಂದೆ ತಿರುವನಂತಪುರದ 5010, ಚೆನ್ನೈಯ 4920 ಕಿಲೋಹರ್ಟ್ಸ್‌ನಂಥ ಪ್ರಾದೇಶಿಕ ಪ್ರಸಾರಗಳು ಕೆಳಗಿನ ಬ್ಯಾಂಡಿನಲ್ಲಿದ್ದುದು ಸುತ್ತಲಿನ ರಾಜ್ಯವನ್ನು ತಲುಪುವ ಸಲುವಾಗಿಯೇ. ಆಕಾಶವಾಣಿಯ ಇಂಥ ಪ್ರೇಷಕಗಳಲ್ಲಿ ಹಲವನ್ನು ಇತ್ತೀಚಿನ ವರ್ಷಗಳಲ್ಲಿ ಮುಚ್ಚಲಾಗಿದೆ. ಹಳೆಯ ಪುಸ್ತಕಗಳಲ್ಲಿಯೂ ತಿದ್ದದೆ ಉಳಿದ ಪಟ್ಟಿಗಳಲ್ಲಿಯೂ ಅವು ಇನ್ನೂ ಕಾಣಿಸಿಕೊಳ್ಳುತ್ತವೆ. ಅವಕ್ಕಾಗಿ ಸಂಜೆಯೆಲ್ಲ ಕಾಯಬೇಡಿ.

ಒಂದು ಪ್ರಸಾರ ನಿಂತಿದೆಯೋ ನಮಗೆ ಮಾತ್ರ ತಲುಪುತ್ತಿಲ್ಲವೋ ಎಂದು ಪರೀಕ್ಷಿಸಲು ಇಂಟರ್‌ನೆಟ್ ಮೂಲಕ ಕೇಳಬಹುದಾದ ದೂರದ ರೇಡಿಯೊಗಳು ನೆರವಾಗುತ್ತವೆ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ್ದು ಬಹಳ ಪ್ರಸಿದ್ಧ. ಯುರೋಪಿನತ್ತ ಹೊರಟ ಪ್ರಸಾರ ಅಲ್ಲಿ ಕೇಳಿಸಿದರೆ ಪ್ರೇಷಕ ಕೆಲಸ ಮಾಡುತ್ತಿದೆ ಎಂದಾಯಿತು.

ಪ್ರಶ್ನೆ: ಇದನ್ನೆಲ್ಲ ಕೇಳಲು ಲೈಸೆನ್ಸ್ ಬೇಕೇ?
(ಓದುಗರು, ಗೋಣಿಕೊಪ್ಪಲು)

ಉತ್ತರ: ಪ್ರಸಾರ ಕೇಂದ್ರಗಳನ್ನು ಸಾಮಾನ್ಯ ರೇಡಿಯೊದಲ್ಲಿ ಕೇಳಲು ಬೇಡ. ಹ್ಯಾಮ್ (ಹವ್ಯಾಸಿ ರೇಡಿಯೊ ನಿರ್ವಾಹಕ) ಆಗಿ ನೀವೇ ಮಾತಾಡಬೇಕಾದರೆ ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಮತ್ತು ಪರವಾನಗಿ ಬೇಕು.

ಪ್ರಶ್ನೆ: ಕೇಂದ್ರಗಳಿಗೆ ವರದಿ ಬರೆದರೆ ಕ್ಯೂಎಸ್‌ಎಲ್ ಎಂಬ ದೃಢೀಕರಣ ಕಾರ್ಡ್ ಕಳುಹಿಸುತ್ತಾರೆ ಎಂದು ಕೇಳಿದ್ದೇನೆ. ಪಟ್ಟಿಯಲ್ಲಿರುವ ವಿವರವನ್ನೇ ಬರೆದರೆ ಸಾಕೇ?
(ಪ್ರೌಢಶಾಲಾ ವಿದ್ಯಾರ್ಥಿ, ಸೋಮವಾರಪೇಟೆ)

ಉತ್ತರ: ಸಾಲದು, ಹಾಗೆ ಬರೆಯಲೂಬಾರದು. ಪಟ್ಟಿಯಲ್ಲಿ ಇರುವುದನ್ನು ಕೇಂದ್ರದವರು ಮೊದಲೇ ಬಲ್ಲರು. ಅವರಿಗೆ ಬೇಕಿರುವುದು ಪಟ್ಟಿಯಲ್ಲಿ ಇಲ್ಲದ ಸಂಗತಿ: ಅವರ ಧ್ವನಿ ಸೋಮವಾರಪೇಟೆಗೆ ಹೇಗೆ ತಲುಪಿತು ಎಂಬುದು. ದಿನಾಂಕ, ಯುಟಿಸಿ ವೇಳೆ, ಫ್ರೀಕ್ವೆನ್ಸಿ ಬರೆದ ಬಳಿಕ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಕೇಳಿದುದನ್ನು ನಿಮಿಷದ ಲೆಕ್ಕದಲ್ಲಿ ನಮೂದಿಸು. ಸುದ್ದಿ ಎಷ್ಟಕ್ಕೆ ಆರಂಭವಾಯಿತು, ಓದಿದವರು ಗಂಡಸೋ ಹೆಂಗಸೋ, ಯಾವ ವಿಷಯ ಪ್ರಸ್ತಾಪವಾಯಿತು, ಯಾವ ವಾದ್ಯದ ಸಂಗೀತ ಬಂತು ಎಂಬಂಥ ವಿವರಗಳಿಂದಲೇ ನೀನು ನಿಜವಾಗಿ ಕೇಳಿದ್ದೀಯೆಂದು ಅವರು ಪರಿಶೀಲಿಸುತ್ತಾರೆ. ಭಾಷೆ ತಿಳಿಯದಿದ್ದರೂ ಇಷ್ಟನ್ನು ಬರೆಯಬಹುದು. ಬಳಿಕ ಸಿನ್ಪೊ ಎಂಬ ಐದು ಅಂಕಿಗಳ ಸಂಕೇತವನ್ನು ಕೊಡು: ಅಲೆಯ ಬಲ, ಬೇರೆ ಕೇಂದ್ರದ ಅಡಚಣೆ, ಗದ್ದಲ, ದಾರಿಯ ಏರಿಳಿತ, ಒಟ್ಟು ಗುಣಮಟ್ಟ. 5 ಎಂದರೆ ಅತ್ಯುತ್ತಮ, 1 ಎಂದರೆ ತೀರ ಕಳಪೆ. ಎಲ್ಲರಿಗೂ 55555 ಬರೆಯುವ ಅಭ್ಯಾಸ ಬೇಡ. ಕೇಳಿಸಿದ್ದು 34333 ಆಗಿದ್ದರೆ ಅದನ್ನೇ ಬರೆ, ತಂತ್ರಜ್ಞರಿಗೆ ಉಪಯೋಗವಾಗುವುದು ಅದೇ.

ಪಟ್ಟಿಯಲ್ಲಿ ಇರುವ ಕೇಂದ್ರದ ಹೆಸರಿಗೂ ನಿನ್ನ ಕಿವಿಗೆ ಬಿದ್ದ ಹೆಸರಿಗೂ ವ್ಯತ್ಯಾಸ ಕಂಡರೆ ಕಿವಿಗೆ ಬಿದ್ದುದನ್ನೇ ಬರೆದಿಟ್ಟುಕೊಂಡು, ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ ಕೇಳು. ಎರಡನೆಯ ದಿನವೂ ಅದೇ ಹೆಸರು ಬಂದರೆ ಪಟ್ಟಿ ತಯಾರಿಸುವವರಿಗೆ ಒಂದು ಇಮೇಲ್ ಕಳುಹಿಸು. ಐಬಿಯಂಥ ಪಟ್ಟಿಗಳು ಇಂಥ ಪತ್ರಗಳಿಂದಲೇ ತಿದ್ದುಪಡಿಯಾಗುತ್ತವೆ. ದಕ್ಷಿಣ ಭಾರತದಿಂದ ಬರುವ ಸೋಮವಾರಪೇಟೆಯ ವರದಿ ಅವರಿಗೆ ಖಂಡಿತ ಬೇಕಾದುದು.